ಅರ್ಧ ಹೆಜ್ಜೆ ಮುಂಚೆ

ಕುಣಿತದ ಅಂಗಳದಲ್ಲಿ ಡೇಕರ್ಸ್ ಆ ಗ್ರಾಮಫೋನ್ ಪ್ಲೇಟನ್ನು ಹಾಕಿದಾಗಲೆಲ್ಲ ಎಗರ್ಟನ್ ಲಿಂಡೋ ಗೇಟಿನ ಕಡೆ ನಡೆದುಬಿಡುತ್ತಿದ್ದ. ಅದು ಅವನೇ ನುಡಿಸಿದ ಹಾಡು. ಹಾಡು ಎಂದು ಬಾಯಿಮಾತಿಗೆ ಅನ್ನುವುದು, ಅದರಲ್ಲಿ ಹಾಡುವವರು ಯಾರೂ ಇಲ್ಲ, ಬರೀ ವಾದ್ಯಗಳು. ನಡುವೆ ಬರುವ ಟ್ರಾಂಬೋನ್, ಆ ಜಾರುಕೊಳವೆಯ ಕಹಳೆ, ಎಗರ್ಟನ್‌ನದು. ತೊಂದರೆ ಇರುವುದೇ ಅಲ್ಲಿ. ಬ್ಯಾಂಡಿನ ಯಜಮಾನ ಗೇಲ್‌ನ ಸ್ಯಾಕ್ಸೋಫೋನ್ ತನ್ನ ಸಾಲನ್ನು ಮುಗಿಸಬೇಕು, ಆಮೇಲೆ ಟ್ರಾಂಬೋನ್ ಬರಬೇಕು. ಪ್ಲೇಟಿನಲ್ಲಿ ಅದು ಅರ್ಧ ಹೆಜ್ಜೆ ಮುಂಚೆಯೇ ನುಗ್ಗುತ್ತದೆ. ನುಗ್ಗಿದ ಮೇಲೆ ಏನು ಮಾಡುವುದೆಂದು ತೋಚದೆ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಬಸ್ಸು ಬರುವ ಮುಂಚೆಯೇ ರಸ್ತೆಗಿಳಿದು ಕೈ ಅಡ್ಡ ಹಿಡಿದವನ ಹಾಗೆ. ಮಿಕ್ಕವರು ಓಡೋಡಿ ಬಂದು ಕೂಡಿಕೊಳ್ಳುತ್ತಾರೆ.

ಅಂಗಳದ ಜನ ಕಾಯುತ್ತಿದ್ದುದು ಆ ಜಾಗಕ್ಕೇ. ಟ್ರಾಂಬೋನ್ ನುಗ್ಗಿದ ಕೂಡಲೇ ಎಲ್ಲರೂ ಒಂದು ಕಾಲೆತ್ತಿ ನಿಲ್ಲುವರು. ಬಂದರಿನ ಹಮಾಲಿಗಳು, ದೊಡ್ಡ ಮನೆಗಳಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸರು, ರಜೆ ಹಾಕಿ ಬಂದ ಪೊಲೀಸಿನವನು, ಯಾರಾದರೂ ಸರಿ. ಆ ಸ್ವರ ಎಳೆದಷ್ಟು ಹೊತ್ತೂ ಕಾಲು ಮೇಲೆ. ಡ್ರಮ್ಮು ಬಂದು ಬಿದ್ದೊಡನೆ ಎಲ್ಲರ ಕಾಲೂ ಒಟ್ಟಿಗೆ ಕೆಳಗೆ. ಧೂಳು ಏಳುತ್ತಿತ್ತು, ಸುತ್ತಲಿನ ತಗಡಿನ ಬೇಲಿ ಅದುರುತ್ತಿತ್ತು. ಪೂರ್ವ ಕಿಂಗ್‌ಸ್ಟನ್ನಿನಲ್ಲಿ ಆ ವರ್ಷ ಹಾಗೆ ಕಾಲೆತ್ತಿ ನಿಲ್ಲಲು ಬಾರದವನನ್ನು ಹುಡುಗಿಯರು ಮೂಸಿಯೂ ನೋಡುತ್ತಿರಲಿಲ್ಲ.

ಎಗರ್ಟನ್‌ಗೆ ಮಾತ್ರ ಕಿವಿ ಬಿಸಿಯಾಗುತ್ತಿತ್ತು. ಅವನು ಪಾದ್ರಿಗಳ ಅನಾಥಾಲಯದಲ್ಲಿ ಬೆಳೆದವನು, ಅಲ್ಲಿನ ಬ್ಯಾಂಡಿನಲ್ಲಿ ಕಲಿತವನು. ಅಲ್ಲಿ ಮುಂಚೆ ನುಗ್ಗಿದವನ ಬೆರಳ ಗಂಟಿನ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು.

ಪ್ಲೇಟು ಮಾಡಿದ್ದು ಹೀಗೆ. ಡೇಕರ್ಸ್‌ಗೆ ಊರಿನಲ್ಲೇ ಜೋರಾದ ಮೈಕ್‌ಸೆಟ್ ಇತ್ತು, ಬೀರುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಗಳು. ಮೊದಲೆಲ್ಲ ಅವನು ಅಮೆರಿಕಕ್ಕೆ ಕಬ್ಬು ಕಡಿಯಲು ಹೋದವರಿಂದ, ಹಡಗಿನವರಿಂದ ಅಲ್ಲಿಯ ಪ್ಲೇಟು ತರಿಸಿ ಕುಣಿಸುತ್ತಿದ್ದ. ಆಮೇಲೆ ಅಮೆರಿಕದವರು ಆ ಬಗೆಯ ಸಂಗೀತವನ್ನೇ ಬಿಟ್ಟು ಬೇರೆಯದಕ್ಕೆ ಹೋದರು. ಕಿಂಗ್‌ಸ್ಟನ್ನಿನವರು ಹೋಗಲಿಲ್ಲ. ಡೇಕರ್ಸ್ ಹೋಟೆಲುಗಳಲ್ಲಿ ಪ್ರವಾಸಿಗಳಿಗೆ ನುಡಿಸುತ್ತಿದ್ದವರನ್ನು ಹಿಡಿದು ತಂದ. "ಅದೇ ತರಹ ಮಾಡಿ. ಆದ್ರೆ ಕಾಲು ಸುಮ್ನಿರಬಾರದು" ಎಂದ. ಅವರು ಅದೇ ತರಹ ಮಾಡಲು ಹೋದರು, ಆಗಲಿಲ್ಲ. ಡ್ರಮ್ಮು ಹೆಜ್ಜೆಯಿಟ್ಟಲ್ಲಿ ಗಿಟಾರಿನ ಫರ್ಡಿ ಹೆಜ್ಜೆಯಿಡುತ್ತಿರಲಿಲ್ಲ. ಎರಡು ಹೆಜ್ಜೆಯ ನಡುವೆ, ಕಾಲು ಇನ್ನೂ ಗಾಳಿಯಲ್ಲಿರುವಾಗ, 'ಚಕ್' ಎನ್ನಿಸುತ್ತಿದ್ದ. ಪಿಯಾನೊ ಅವನ ಹಿಂದೆ ಬಿತ್ತು, ಸ್ಯಾಕ್ಸೋಫೋನ್ ಕಹಳೆಗಳು ಅದರ ಹಿಂದೆ. ಹೀಗೆ ಮಾಡೋಣ ಎಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಜನ ಅದನ್ನು ಸ್ಕಾ ಅಂದರು. ಬ್ಯಾಂಡು ತನ್ನನ್ನು ವಿಂಡ್‌ವರ್ಡ್ಸ್ ಎಂದು ಕರೆದುಕೊಂಡಿತು, ಎಲ್ಲರ ಮನೆಯೂ ವಿಂಡ್‌ವರ್ಡ್ ರಸ್ತೆಯ ಅತ್ತಿತ್ತ ಇದ್ದುದರಿಂದ.

ಧ್ವನಿ ಹಿಡಿಯುವ ಕೋಣೆಯಲ್ಲಿ ಇದ್ದುದು ಒಂದೇ ಮೈಕು. ಟೇಪಿನ ಖರ್ಚು ಯಾಕೆಂದು ಡೇಕರ್ಸ್ ನೇರವಾಗಿ ಮೆತ್ತನೆಯ ಪ್ಲೇಟಿಗೇ ಕೊರೆಸುತ್ತಿದ್ದ. ಯಾರೊಬ್ಬರು ತಪ್ಪಿದರೂ ಪ್ಲೇಟು ಕಸಕ್ಕೆ, ಎಲ್ಲ ಮತ್ತೆ ಮೊದಲಿಂದ. ಆ ದಿನ ಆಗಲೇ ಹಲವು ಪ್ಲೇಟು ಕಸಕ್ಕೆ ಹೋಗಿದ್ದವು. ಸೆಕೆಗೆ ಅಂಗಿ ಬಿಚ್ಚಿಟ್ಟು ನುಡಿಸುತ್ತಿದ್ದರು. ಎಗರ್ಟನ್ ನುಗ್ಗಿದಾಗ ಗೇಲ್ ಕಣ್ಣು ಕೆಂಪಗೆ ಮಾಡಿ ನೋಡಿದ್ದು ಎಲ್ಲರಿಗೂ ಕಂಡಿತ್ತು. ತಪ್ಪು ಯಾರದೆಂದು ಆಗಲೇ ಗೊತ್ತಾಗಿಹೋಯಿತು. ಆದರೆ ಡೇಕರ್ಸ್, "ಇರ್ಲಿ ಬಿಡಿ, ನನ್ನ ಹತ್ರ ಖಾಲಿ ಪ್ಲೇಟು ಮುಗೀತು" ಎಂದ. ಮನೆಗೆ ಹೋಗಿ, ಪ್ಲೇಟಿನ ನಡುವಿನ ಚೀಟಿಯನ್ನು ನಾಣ್ಯದಿಂದ ಕೆರೆದು ತೆಗೆದ. ಊರಿನ ಮೈಕ್‌ಸೆಟ್‌ನವರೆಲ್ಲ ಹಾಗೇ ಮಾಡುತ್ತಿದ್ದರು. ಎದುರಾಳಿಯ ಕಡೆಯವನು ಬಂದು ಇಣುಕಿದರೂ ಯಾರ ಬ್ಯಾಂಡು, ಯಾವ ಹಾಡು ಎಂದು ತಿಳಿಯಬಾರದು. ಇದ್ದುದು ಆ ಒಂದೇ ಪ್ಲೇಟು, ಅದನ್ನು ಅವನು ಯಾರ ಕೈಗೂ ಕೊಡುತ್ತಿರಲಿಲ್ಲ.

ದ್ವೀಪಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದ ಮೇಲಿನ ಎರಡನೇ ಆಗಸ್ಟ್ ಅದು. ಸ್ವಾತಂತ್ರ್ಯದ ಹಬ್ಬದ ರಜೆಯ ಸೋಮವಾರ ಮಧ್ಯಾಹ್ನ ಅದೇ ಅಂಗಳದಲ್ಲಿ ವಿಂಡ್‌ವರ್ಡ್ಸ್ ಮೊದಲ ಸಲ ತಮ್ಮ ಹೆಸರಿನಲ್ಲಿ, ಜನರ ಎದುರು ನುಡಿಸುವುದೆಂದು ಗೊತ್ತಾಯಿತು. ಬ್ಯಾಂಡಿನ ಯಜಮಾನ ಕತ್‌ಬರ್ಟ್ ಗೇಲ್. ಎಲ್ಲರಿಗಿಂತ ಹಿರಿಯ, ದಪ್ಪ ಆಳು, ತನ್ನ ಉಸಿರಿನ ಬಗ್ಗೆ ಬಹಳ ಹೆಮ್ಮೆ. ಚಿಕ್ಕಂದಿನಲ್ಲಿ ಬಂದರಿನ ನೀರಿಗೆ ಹಾರಿ ಪ್ರವಾಸಿಗಳು ಎಸೆದ ಕಾಸನ್ನು ತಳದಿಂದ ಹೆಕ್ಕಿ ತರುತ್ತಿದ್ದವನು.

"ಪ್ಲೇಟಲ್ಲಿ ಇರೋ ಹಾಗೇ ಬೇಕು ನನಗೆ" ಎಂದ ಗೇಲ್ ತಾಲೀಮಿನಲ್ಲಿ. "ಜನ ಕಾಲೆತ್ತೋಕೆ ಬರ್ತಾರೆ. ಎತ್ತಿಸ್ದೆ ಇದ್ರೆ ಬಾಟ್ಲಿ ಎತ್ತುತ್ತಾರೆ. ಎಗರ್ಟನ್, ಅವತ್ತು ಹ್ಯಾಗೆ ಕೆಡಿಸಿದ್ಯೋ ಹಾಗೇ ಕೆಡಿಸು."

ಎಗರ್ಟನ್ ನುಡಿಸಿದ. ಸರಿಯಾದ ಜಾಗಕ್ಕೇ ಬಂದ. ಮತ್ತೊಮ್ಮೆ ನುಡಿಸಿದ, ಈ ಸಲ ಬೇಕೆಂದೇ ಮುಂಚೆ ನುಗ್ಗಿದ. ಗೇಲ್‌ನ ಸ್ವರಕ್ಕೆ ಅವನ ಸ್ವರ ಢಿಕ್ಕಿ ಹೊಡೆದು ಎರಡು ಮೇಕೆ ಕಾದಾಡಿದ ಹಾಗಾಯಿತು. ಫರ್ಡಿ ಗಿಟಾರಿನ ಮೇಲೆ ಬಗ್ಗಿ ನಕ್ಕ.

"ಕೆಡಿಸೋಕೆ ನೋಡ್ತಿದೀನಿ ಅಣ್ಣ, ಆಗ್ತಿಲ್ಲ."

"ಅವತ್ತು ಕೇಳ್ದೇನೇ ಕೆಡಿಸ್ದೆ. ಇವತ್ತು ಕೇಳ್ಕೊಂಡ್ರೆ ಆಗಲ್ವಾ?"

ಡ್ರಮ್ಮಿನ ಟ್ಯಾನಿ, "ಅದು ನಿಜವಾಗಿ ನನ್ನ ತಪ್ಪು, ನಾನೇ ಒಂದು ಏಟು ನುಂಗಿದ್ದೆ" ಎಂದ.

"ನಿನ್ನದಲ್ಲ, ನನ್ನದು" ಎಂದ ಫರ್ಡಿ. "ನಾನು 'ಚಕ್'ನ ಜಾಗ ತಪ್ಪಿಸಿದ್ದಕ್ಕೆ ಅವನು ದಾರಿ ತಪ್ಪಿದ."

ಹಾಡು ಹೆಸರು ಮಾಡಿದ ಮೇಲೆ ತಪ್ಪಿಗೂ ವಾರಸುದಾರರು ಹೆಚ್ಚಿಕೊಂಡಿದ್ದರು. ಪ್ರತಿಯೊಬ್ಬನೂ ತನ್ನ ತಪ್ಪನ್ನು ಮಾಡಿ ತೋರಿಸಲು ಹೋಗಿ ಆ ಮಧ್ಯಾಹ್ನ ಹಾಡು ಇನ್ನಷ್ಟು ಹಾಳಾಯಿತು. ಗೇಲ್ ಸ್ಯಾಕ್ಸೋಫೋನನ್ನು ಕುರ್ಚಿಯ ಮೇಲಿಟ್ಟ.

"ನೋಡು ಎಗರ್ಟನ್. ಮಿಲಿಟರಿ ಬ್ಯಾಂಡಿಂದ ವಿಂಟ್ ಅಂತ ಒಬ್ಬ ಬಂದಿದಾನೆ. ಹೇಳಿದ ಜಾಗಕ್ಕೆ ಬರ್ತಾನೆ, ಹೇಳಿದ ಜಾಗಕ್ಕೆ ಹೋಗ್ತಾನೆ. ಸೋಮವಾರ ನೀನೇ ಕೂತ್ಕೋ. ಕಾಲು ಎದ್ವಾ, ನಿನ್ನ ಕುರ್ಚಿ ನಿನ್ನದು. ಏಳಲಿಲ್ವಾ, ಮಂಗಳವಾರದಿಂದ ವಿಂಟ್ ಕೂತ್ಕೋತಾನೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

ಬೇಜಾರಿಗಿಂತ ಹೆದರಿಕೆ ಹೆಚ್ಚಾಗಿತ್ತು. ಈ ಬ್ಯಾಂಡು ಬಿಟ್ಟರೆ ಎಗರ್ಟನ್‌ಗೆ ಉಳಿದಿದ್ದು ಉತ್ತರ ತೀರದ ಹೋಟೆಲು. ಅಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು, ಊಟ ಮಾಡುವವರ ಕಡೆ ಹಲ್ಲು ಕಿರಿಯುತ್ತ ನುಡಿಸಬೇಕು. ಅವರು ಮೀನಿನ ಮುಳ್ಳು ಬಿಡಿಸುತ್ತ ಕೇಳುತ್ತಾರೆ. ಎರಡು ವರ್ಷ ಅದನ್ನೂ ಮಾಡಿದ್ದ. ಅಲ್ಲಿ ಅವನ ಸಂಗೀತಕ್ಕೆ ಯಾರೂ ಎದ್ದು ನಿಂತದ್ದಿಲ್ಲ, ಹೋಗುವಾಗಿನ ಹೊರತು.

ಅವನಿದ್ದುದು ಹಲವು ಸಂಸಾರಗಳ ವಠಾರದಲ್ಲಿ, ಎಲ್ಲರಿಗೂ ಒಂದೇ ನಲ್ಲಿ. ಜೊತೆಗೆ ಇನೆಜ್ ಇದ್ದಳು. ಅವಳು ಅಂಗಳದ ಗೇಟಿನಲ್ಲಿ ಮೀನು ಕರಿದು ಮರಗೆಣಸಿನ ರೊಟ್ಟಿಯ ಜೊತೆ ಮಾರುತ್ತಿದ್ದವಳು. ಆ ತಪ್ಪು ತನ್ನದೆಂದು ಯಾರಿಗೂ ಹೇಳಬೇಡ ಎಂದು ಎಗರ್ಟನ್ ಅವಳಿಂದ ಮಾತು ತೆಗೆದುಕೊಂಡಿದ್ದ. ಅವಳು ವಠಾರಕ್ಕೆಲ್ಲ ಹೇಳಿದ್ದಳು.

ನಲ್ಲಿಯ ಹತ್ತಿರ ನೆರೆಮನೆಯ ಮಿಸ್ ಬರ್ಡಿ ಬಕೆಟ್ಟು ಹಿಡಿದು ನಿಂತಿದ್ದಳು. "ಮಿಸ್ಟರ್ ಲಿಂಡೋ, ಆ 'ಪ್ವಾಂ' ಅಂತ ಎಳೆಯೋನು ನೀನಂತೆ? ನನ್ನ ಮೊಣಕಾಲು ಹೋಗಿ ಆರು ವರ್ಷ ಆಗಿತ್ತು. ಮೊನ್ನೆ ಎತ್ತಿದೆ ನೋಡು. ಇಳಿಸೋಕೆ ಇಬ್ಬರು ಬೇಕಾಯ್ತು."

ಎಗರ್ಟನ್ ಒಳಗೆ ಹೋಗಿ ಇನೆಜ್‌ಳ ಮೇಲೆ ರೇಗಿದ. ಅವಳು ಮೀನಿಗೆ ಉಪ್ಪು ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಊರೆಲ್ಲ ನಿನ್ನ ತಪ್ಪಿಗೆ ಕುಣಿಯುತ್ತೆ, ನೀನು ನೋಡಿದ್ರೆ ಚರ್ಚಿನ ಹುಂಡಿ ಕದ್ದವನ ಹಾಗೆ ಓಡಾಡ್ತೀಯ."

"ಅದನ್ನೇ ಮತ್ತೆ ಮಾಡು ಅಂತಾರೆ ಇನೆಜ್. ಬರ್ತಿಲ್ಲ. ಬರದಿದ್ರೆ ಕುರ್ಚಿ ಹೋಯ್ತು."

ಅವಳು ತಲೆಯೆತ್ತಿ ನೋಡಿದಳು. "ಮತ್ತೆ ಇಲ್ಲಿ ನನ್ನ ಹತ್ರ ಏನು ಜಗಳ? ಪ್ಲೇಟು ಇರೋದು ಡೇಕರ್ಸ್ ಹತ್ರ. ಹೋಗಿ ಕೇಳು. ಇಷ್ಟು ದಿನ ಅದು ಶುರುವಾದ್ರೆ ಸಾಕು ಗೇಟಿಗೆ ಓಡಿ ಬಂದು ನನ್ನ ಬಾಣಲೆ ಪಕ್ಕ ನಿಂತ್ಕೋತಿದ್ದೆ. ಒಂದು ಸಲವಾದ್ರೂ ಪೂರ್ತಿ ಕೇಳಿದೀಯ ನೀನು?"

ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಡೇಕರ್ಸ್ ಖಾಲಿ ಅಂಗಳದಲ್ಲಿ ಮೈಕ್‌ಸೆಟ್ ಪರೀಕ್ಷೆ ಮಾಡುತ್ತಿದ್ದ. ಎಗರ್ಟನ್ ಹೋಗಿ ಪ್ಲೇಟನ್ನು ಕೊಡು ಎಂದು ಕೇಳಿದ.

"ಮುಟ್ಟೋಕೆ ಕೊಡಲ್ಲ" ಎಂದ ಡೇಕರ್ಸ್. "ನನ್ನ ಹೆಂಡತಿಗೇ ಕೊಟ್ಟಿಲ್ಲ. ಬೇಕಾದ್ರೆ ಹಾಕ್ತೀನಿ, ನಿಂತ್ಕೊಂಡು ಕೇಳು. ಅದಕ್ಕೂ ಒಂದೇ ಸಲ. ಇದು ಮೆತ್ತಗಿನ ಪ್ಲೇಟು ಮಾರಾಯ, ಸವೆದು ಹೋಗ್ತಿದೆ. ಇನ್ನೊಂದು ತಿಂಗಳು ಹೋದ್ರೆ ಬರೀ ಮೀನು ಕರಿದ ಸದ್ದು ಬರುತ್ತೆ. ಆಮೇಲೆ ಈ ಹಾಡು ಎಲ್ಲಾದ್ರೂ ಇದೆ ಅಂದ್ರೆ ನಿಮ್ಮ ಕೈಯಲ್ಲಿ."

ಸೂಜಿ ಇಳಿಯಿತು. ಡೇಕರ್ಸ್ ಪರೀಕ್ಷೆಗೆಂದು ದಪ್ಪ ಸ್ವರದ ಪೆಟ್ಟಿಗೆಗಳನ್ನು ಕಳಚಿಟ್ಟಿದ್ದ, ಸಣ್ಣ ಸ್ಪೀಕರುಗಳು ಮಾತ್ರ ಕೂಗುತ್ತಿದ್ದವು. ಕುಣಿಯುವವರಿಲ್ಲ, ಕೇಕೆಯಿಲ್ಲ. ಎಗರ್ಟನ್ ಸ್ಪೀಕರಿಗೆ ಹತ್ತಿರ ನಿಂತು ಕಣ್ಣು ಮುಚ್ಚಿದ. ಗೇಲ್‌ನ ಸಾಲು ಬಂತು, ಏರಿತು, ಮೇಲಿನ ಸ್ವರಕ್ಕೆ ಹೋಯಿತು, ಇಳಿಯತೊಡಗಿತು. ಕೊನೆಯ ಸ್ವರ ಬರಬೇಕಾದಲ್ಲಿ ಬರಲಿಲ್ಲ. ಅಲ್ಲಿ ಒಂದು ಸಣ್ಣ 'ಹಾ' ಇತ್ತು. ಮನುಷ್ಯ ನೀರಿನಿಂದ ತಲೆ ಹೊರಗೆ ಹಾಕಿದಾಗ ಎಳೆದುಕೊಳ್ಳುವಂಥದ್ದು. ಅದರ ಮೇಲೆಯೇ ಟ್ರಾಂಬೋನ್ ಬಂದಿತ್ತು.

ಎಗರ್ಟನ್‌ಗೆ ಆಗ ಅರ್ಥವಾಯಿತು. ಅನಾಥಾಲಯದ ಬ್ಯಾಂಡು ಹಬ್ಬದ ಮೆರವಣಿಗೆಯಲ್ಲಿ ಏರುದಾರಿಯಲ್ಲಿ ನುಡಿಸುತ್ತ ನಡೆಯಬೇಕಾಗಿತ್ತು. ಬಿಸಿಲಲ್ಲಿ, ಉಣ್ಣೆಯ ಕೋಟಿನಲ್ಲಿ, ಹುಡುಗರ ಉಸಿರು ಕಡಿಯುತ್ತಿತ್ತು. ಮುಂದಿನವನ ಉಸಿರು ಕಡಿದರೆ ಹಿಂದಿನವನು ಆ ಕ್ಷಣವೇ ಸ್ವರ ಎತ್ತಿಕೊಳ್ಳಬೇಕು, ದಾರಿಯಲ್ಲಿ ನಿಂತು ನೋಡುವವರಿಗೆ ಹಾಡಿನಲ್ಲಿ ತೂತು ಕೇಳಿಸಬಾರದು. ಇದು ನಿಯಮ. ಅದನ್ನು ಯೋಚಿಸಿ ಮಾಡುವುದಿಲ್ಲ, ಎಡವಿದವನನ್ನು ಪಕ್ಕದವನು ಹಿಡಿದುಕೊಳ್ಳುವ ಹಾಗೆ ಆಗಿಬಿಡುತ್ತದೆ. ಅವನು ಮುಂಚೆ ನುಗ್ಗಿರಲಿಲ್ಲ. ಗೇಲ್ ಬಿಟ್ಟ ತೂತನ್ನು ಮುಚ್ಚಿದ್ದ, ಅಷ್ಟೇ. ಈಗ ತಾಲೀಮಿನಲ್ಲಿ ಗೇಲ್ ಸಾಲನ್ನು ಪೂರ್ತಿ ನುಡಿಸುತ್ತಿದ್ದ. ತೂತೇ ಇಲ್ಲದ ಮೇಲೆ ಮುಚ್ಚುವುದೇನು?

ಭಾನುವಾರ ತಾಲೀಮಿಗೆ ಎಲ್ಲರಿಗಿಂತ ಮೊದಲೇ ಹೋಗಿ ಗೇಲ್‌ಗೆ ಹೇಳಿದ. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದ.

ಗೇಲ್‌ನ ಮುಖ ಬೀಟ್‌ರೂಟಿನಂತಾಯಿತು. "ಯಾರ ಉಸಿರು?"

"ಅವತ್ತು ಸೆಕೆ ಇತ್ತಣ್ಣ. ಎಲ್ಲರಿಗೂ ಆಗುತ್ತೆ."

"ನನಗೆ ಆಗಲ್ಲ! ನಾನು ನೀರೊಳಗೆ ಕಾಸು ಹುಡುಕ್ತಿದ್ದಾಗ ನೀನಿನ್ನೂ ಹುಟ್ಟಿರಲಿಲ್ಲ. ಮಾಡಿದ ತಪ್ಪು ಮುಚ್ಚಿಕೊಳ್ಳೋಕೆ ನನ್ನ ಎದೆಗೆ ಕೈ ಹಾಕ್ತೀಯಾ?"

"ಸುಮ್ನೆ ಒಂದು ಸಲ ಕೊನೇ ಸ್ವರ ಬಿಟ್ಟು ನೋಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ನನ್ನ ಸ್ವರ ನಾನು ಬಿಡಲ್ಲ" ಎಂದ ಗೇಲ್. "ನಾಳೆ ಪೂರ್ತಿ ನುಡಿಸ್ತೀನಿ. ನೀನು ಎಲ್ಲಿಂದ ಬರ್ತೀಯೋ ಬಾ."

ಅಷ್ಟರಲ್ಲಿ ಮಿಕ್ಕವರು ಬಂದರು. ಎಗರ್ಟನ್ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಫರ್ಡಿ ಸಂಜೆಯೊಳಗೆ ಊರಿಗೆಲ್ಲ ಹಂಚುತ್ತಿದ್ದ, ಆಮೇಲೆ ಕುರ್ಚಿ ಉಳಿದರೂ ಗೇಲ್‌ನ ಮರ್ಯಾದೆ ಉಳಿಯುತ್ತಿರಲಿಲ್ಲ.

ಸೋಮವಾರ ಗೇಟು ತೆರೆಯುವ ಮೊದಲೇ ರಸ್ತೆ ತುಂಬಿತ್ತು. ಹೊಸ ಬಾವುಟದ ಬಣ್ಣದ ಲಂಗಗಳು, ಇಸ್ತ್ರಿಯ ಗೆರೆ ಕೈ ಕೊಯ್ಯುವಂಥ ಪ್ಯಾಂಟುಗಳು. ಬಿಸಿಲು ತಗಡಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ವೇದಿಕೆಯ ಪಕ್ಕ ವಿಂಟ್ ತನ್ನ ಟ್ರಾಂಬೋನಿನ ಪೆಟ್ಟಿಗೆಯ ಜೊತೆ ನಿಂತಿದ್ದ. ಬೂಟು ಫಳಫಳ ಹೊಳೆಯುತ್ತಿದ್ದವು. ಅವನು ಎಗರ್ಟನ್‌ಗೆ ತಲೆಯಾಡಿಸಿ ನಮಸ್ಕರಿಸಿದ. ಒಳ್ಳೆಯವನ ಹಾಗೆಯೇ ಕಂಡ, ಅದರಿಂದ ಇನ್ನೂ ಕಷ್ಟವಾಯಿತು.

ನಾಲ್ಕೈದು ಹಾಡು ಆದವು. ಜನ ಕುಣಿದರು. ನಂತರ ಗೇಲ್ ಕೈಯೆತ್ತಿದ, ಫರ್ಡಿ ಆ ಹಾಡಿನ ಮೊದಲ 'ಚಕ್' ಕೊಟ್ಟ. ಅಂಗಳದಲ್ಲಿ ಒಂದು ಕೂಗು ಎದ್ದಿತು. ಗೇಲ್ ತನ್ನ ಸಾಲನ್ನು ಶುರುಮಾಡಿದ, ಎದೆ ಉಬ್ಬಿಸಿ, ಒಂದು ಸ್ವರವನ್ನೂ ಸಡಿಲ ಬಿಡದೆ, ಕೊನೆಯವರೆಗೂ. ಎಗರ್ಟನ್ ಕಣ್ಣು ಮುಚ್ಚಿಕೊಂಡು ನುಗ್ಗಿದ. ಮೇಕೆಗಳು ಕಾದಾಡಿದವು. ಅರ್ಧ ಜನ ಕಾಲೆತ್ತಿದರು, ಅರ್ಧ ಜನ ಎತ್ತಲಿಲ್ಲ, ಎತ್ತಿದವರು ಎತ್ತದವರ ಮೇಲೆ ಬಿದ್ದರು.

"ಏಯ್! ನಮ್ಮ ಹಾಡು ಎಲ್ಲಿ?"

"ಅದಲ್ಲ ಕಣ್ರೋ ಅದು! ಮೊದ್ಲಿಂದ ಬನ್ನಿ!"

ಮಾವಿನ ಗೊರಟೆಯೊಂದು ಹಾರಿ ಬಂದು ಡ್ರಮ್ಮಿಗೆ ತಾಗಿತು. ಟ್ಯಾನಿ ಅದನ್ನು ಎತ್ತಿ ನೋಡಿದ. "ಚೀಪಿ ಎಸೆದಿದಾರೆ, ಪರವಾಗಿಲ್ಲ. ಇನ್ನೂ ಸಿಟ್ಟು ಬಂದಿಲ್ಲ."

ಗೇಲ್ ಮೊದಲಿಂದ ಶುರುಮಾಡಿದ. ಮತ್ತೆ ಪೂರ್ತಿ ನುಡಿಸಿದ. ಮತ್ತೆ ಕಾಲುಗಳು ಅಡ್ಡಾದಿಡ್ಡಿಯಾದವು. ಈ ಸಲ ಅಂಗಳದವರು ನಗಲಿಲ್ಲ, ತಗಡಿನ ಬೇಲಿಯನ್ನು ಬಡಿಯತೊಡಗಿದರು. ವಿಂಟ್ ಪೆಟ್ಟಿಗೆಯ ಒಂದು ಕೊಂಡಿಯನ್ನು ತೆರೆದದ್ದು ಎಗರ್ಟನ್‌ಗೆ ಕಂಡಿತು. ಗೇಲ್‌ನ ಕುತ್ತಿಗೆಯಿಂದ ಬೆವರು ಇಳಿದು ಅಂಗಿ ಮೈಗೆ ಅಂಟಿತ್ತು.

"ಅಣ್ಣ, ಬೇರೆ ಹಾಡು ತಗೊಳ್ಳೋಣ" ಎಂದ ಫರ್ಡಿ.

"ಇದೇ" ಎಂದ ಗೇಲ್. ಅಷ್ಟನ್ನು ಹೇಳಲೂ ಅವನು ನಡುವೆ ಗಾಳಿ ಎಳೆದುಕೊಂಡ.

ಮೂರನೆಯ ಸಲ ಸಾಲು ಏರಿತು. ಮೇಲಿನ ಸ್ವರ ತುಸು ನಡುಗಿತು. ಇಳಿಯತೊಡಗಿತು. ಗೇಲ್‌ನ ಕೆನ್ನೆ ಉಬ್ಬಿತ್ತು, ಕಣ್ಣು ಹೊರಗೆ ಬಂದಿತ್ತು. ಎಗರ್ಟನ್ ಲೆಕ್ಕ ಹಾಕುವುದನ್ನು ಬಿಟ್ಟು ಆ ಕೆನ್ನೆಯನ್ನೇ ನೋಡುತ್ತಿದ್ದ, ಹುಡುಗನಾಗಿದ್ದಾಗ ಏರುದಾರಿಯಲ್ಲಿ ಮುಂದಿನವನ ಬೆನ್ನು ನೋಡುತ್ತಿದ್ದ ಹಾಗೆ. ಕೆನ್ನೆ ಕುಸಿಯಿತು. ಬಾಯಿ 'ಹಾ' ಎಂದಿತು. ತಾನು ಸ್ವರ ಎತ್ತಿಕೊಂಡದ್ದು ಎಗರ್ಟನ್‌ಗೆ ಎತ್ತಿಕೊಂಡ ಮೇಲೆ ತಿಳಿಯಿತು.

ಅಂಗಳವೆಲ್ಲ ಒಂಟಿಕಾಲಿನಲ್ಲಿ ನಿಂತಿತ್ತು. ಅವನು ಆ ಸ್ವರವನ್ನು ಬಿಡಲಿಲ್ಲ. ಗೇಟಿನ ಬಳಿ ಇನೆಜ್ ಮೀನು ತಿರುವುವ ಸೌಟು ಹಿಡಿದು ಕಾಲೆತ್ತಿದ್ದಳು. ಪಕ್ಕದಲ್ಲಿ ಮಿಸ್ ಬರ್ಡಿ, ಅವಳ ಹೆಗಲು ಹಿಡಿದು. ವಿಂಟ್ ಕೂಡ ಹೊಳೆಯುವ ಒಂದು ಬೂಟನ್ನು ನೆಲದಿಂದ ಎತ್ತಿಬಿಟ್ಟಿದ್ದ. ಟ್ಯಾನಿ ಅಷ್ಟು ಹೊತ್ತು ಕಾಯಿಸಿ ಡ್ರಮ್ಮಿನ ಮೇಲೆ ಬಿದ್ದ, ಬ್ಯಾಂಡು ಅವನ ಹಿಂದೆ ಬಿತ್ತು, ಅಂಗಳದ ಕಾಲೆಲ್ಲ ಒಟ್ಟಿಗೆ ಕೆಳಗಿಳಿಯಿತು. ಧೂಳು ವೇದಿಕೆಯವರೆಗೆ ಬಂತು.

ಆ ಹಾಡನ್ನು ಬಿಟ್ಟು ಬೇರೆಯದಕ್ಕೆ ಹೋಗಲು ಜನ ಬಿಡಲಿಲ್ಲ. ಮತ್ತೆ ಮತ್ತೆ ನುಡಿಸಿದರು. ಗೇಲ್‌ಗೆ ಪೂರ್ತಿ ಉಸಿರು ಆಮೇಲೆ ಬರಲೇ ಇಲ್ಲ, ಹಾಗಾಗಿ ಪ್ರತಿ ಸಲವೂ ಸರಿಯಾಗಿಯೇ ಬಂತು.

ಮುಗಿದ ಮೇಲೆ ಗೇಲ್ ವೇದಿಕೆಯ ಹಿಂದೆ ಬಿಯರಿನ ಪೆಟ್ಟಿಗೆಯ ಮೇಲೆ ಕೂತು ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಿದ್ದ. ವಿಂಟ್‌ನನ್ನು ಕರೆದು, "ಬಂದಿದೀಯ, ಊಟ ಮಾಡ್ಕೊಂಡು ಹೋಗಪ್ಪ. ಗೇಟಲ್ಲಿ ಒಳ್ಳೆ ಮೀನು ಸಿಗುತ್ತೆ" ಎಂದ. ವಿಂಟ್‌ಗೆ ಅರ್ಥವಾಯಿತು. ಪೆಟ್ಟಿಗೆಯ ಕೊಂಡಿ ಹಾಕಿಕೊಂಡು ಹೋದ.

ಗೇಲ್ ಎಗರ್ಟನ್ ಕಡೆ ನೋಡಲಿಲ್ಲ. ಫರ್ಡಿಗೆ ಹೇಳುವವನ ಹಾಗೆ ಹೇಳಿದ: "ಇನ್ಮೇಲೆ ಆ ಹಾಡು ಎಲ್ಲಾದಕ್ಕಿಂತ ಕೊನೆಗಿರ್ಲಿ."

"ಯಾಕಣ್ಣ? ಜನ ಬಂದ ಕೂಡ್ಲೇ ಕೇಳ್ತಾರೆ ಅದನ್ನ."

"ಕೇಳ್ಲಿ. ಕಾಯ್ಲಿ. ಒಳ್ಳೇದನ್ನ ಕೊನೆಗೆ ಇಡೋದು ಅಂದ್ರೆ ಗೊತ್ತಿಲ್ವಾ ನಿನಗೆ?"

"ಗೊತ್ತು" ಎಂದ ಫರ್ಡಿ, ಏನೂ ಗೊತ್ತಾಗದೆ.

ಗೇಲ್ ಟವೆಲ್ಲನ್ನು ಮುಖದಿಂದ ತೆಗೆದ. "ಎಗರ್ಟನ್, ನಿನಗೇನಾದ್ರೂ ತಕರಾರು ಇದ್ಯಾ?"

ಎಗರ್ಟನ್ ಟ್ರಾಂಬೋನಿನ ಕೊಳವೆಯನ್ನು ಬಿಚ್ಚಿ ಒಳಗಿನ ಎಂಜಲುನೀರನ್ನು ನೆಲಕ್ಕೆ ಬಸಿಯುತ್ತಿದ್ದ. "ಇಲ್ಲಣ್ಣ" ಎಂದ. "ಕೊನೆಗೇ ಚೆನ್ನಾಗಿರುತ್ತೆ."

"ಹೂಂ" ಎಂದ ಗೇಲ್. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಮುಂದಿನ ಶನಿವಾರ ಸಮುದ್ರದ ಕಡೆ ಕರೆದಿದಾರೆ. ಲೇಟಾಗಿ ಬರಬೇಡ" ಎಂದ.

ಎಗರ್ಟನ್ ಕೊಳವೆಯನ್ನು ಜೋಡಿಸಿ, ವಾದ್ಯವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೇಟಿಗೆ ಬಂದ. ಇನೆಜ್‌ಳ ಬಾಣಲೆ ಖಾಲಿಯಾಗಿತ್ತು. ಅವನಿಗೆಂದು ಒಂದು ಮೀನನ್ನು ರೊಟ್ಟಿಯಲ್ಲಿ ಸುತ್ತಿ ಇಟ್ಟಿದ್ದಳು.

"ಕುರ್ಚಿ?" ಎಂದಳು.

"ನನ್ನದೇ."

"ತಿನ್ನು ಹಾಗಾದ್ರೆ. ಮೀನು ತಣ್ಣಗಾಗಿದೆ, ನನ್ನ ಬೈಬೇಡ. ನೀವು ಒಂದೇ ಹಾಡು ಅಷ್ಟು ಸಲ ನುಡಿಸಿದ್ರೆ ನಾನೇನು ಮಾಡ್ಲಿ?"

ಅವನು ಬೇಲಿಗೆ ಒರಗಿ ನಿಂತು ತಿಂದ. ರಸ್ತೆಯಲ್ಲಿ ಮನೆಗೆ ಹೋಗುತ್ತಿದ್ದವರು ಬಾಯಲ್ಲೇ 'ಪ್ವಾಂ' ಎನ್ನುತ್ತ, ಒಂದು ಕಾಲೆತ್ತಿ ನಿಂತು, ಮತ್ತೆ ನಡೆಯುತ್ತಿದ್ದರು. ಎಗರ್ಟನ್ ಮುಖ ತಿರುಗಿಸಲಿಲ್ಲ. ಒಬ್ಬ ಹಮಾಲಿ ತೀರಾ ಬೇಗ ಕಾಲೆತ್ತಿದ. "ಇನ್ನೂ ಸ್ವಲ್ಪ ತಡೀಬೇಕು ಗುರು" ಎಂದು ಎಗರ್ಟನ್ ಬಾಯ್ತುಂಬ ಮೀನಿಟ್ಟುಕೊಂಡೇ ಅವನನ್ನು ತಿದ್ದಿದ.